ಹಳೆ ರಿವಾಲ್ವರ್ ರಿಪೇರಿಗೆ ಕೊಡುವವರು ದಯವಿಟ್ಟು ಇದನ್ನು ಓದಿ

ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ. ಕಳೆದ ವಾರ ನಮ್ಮ ಕಡೆಯವರೇ ಒಬ್ಬರು, ನನ್ನ ರಿವಾಲ್ವರ್ ಹಾಳು ಮಾಡಿದ ಅಂಗಡಿಗೇ ತಮ್ಮದನ್ನೂ ಕೊಡಲಾ ಎಂದು ಕೇಳಿದರು. ಬೇಡ ಮಾರಾಯ್ರೆ, ಖಂಡಿತ ಬೇಡ.

ನನ್ನದು ಕಾರ್ಕಳದ ಹತ್ತಿರ ಅಡಿಕೆ ತೋಟ. ಅಪ್ಪನ ಕಾಲದ .32 ವೆಬ್ಲಿ ರಿವಾಲ್ವರ್ ಒಂದು ಉಂಟು. ಅಪ್ಪ ಹೋದ ಮೇಲೆ ನನ್ನ ಹೆಸರಿಗೆ ಆಯಿತು, ಆತ್ಮರಕ್ಷಣೆಯ ಲೈಸೆನ್ಸ್. ಕಪಾಟಿನಲ್ಲಿಟ್ಟು ನೋಡಲಿಕ್ಕಲ್ಲ. ಅಡಿಕೆ ಮಾರಿದ ದಿನ ದುಡ್ಡು ಹಿಡಿದುಕೊಂಡು ಕತ್ತಲಲ್ಲಿ ಒಬ್ಬನೇ ಮನೆಗೆ ಬರುವವನು ನಾನು. ಆದರೆ ನಮ್ಮ ಮಳೆಗಾಲದ ತೇವಕ್ಕೆ ಯಾವ ಕಬ್ಬಿಣ ಉಳಿಯುತ್ತದೆ ಹೇಳಿ? ತುಕ್ಕು ಹಿಡಿಯದ ಹಾಗೆ ಕೋವಿಗೆ ಹಾಕುವ ನೀಲಿ ಬಣ್ಣ ಹೋಗಿ ಅಲ್ಲಲ್ಲಿ ತುಕ್ಕು, ಹಿಡಿಯಲ್ಲಿ ಬಿರುಕು. ನನ್ನ ಕೈಗೆ ಆ ಹಿಡಿ ಸಣ್ಣದು ಬೇರೆ. ಬೀಟೆ ಮರದ ಹೊಸ ಹಿಡಿ ಹಾಕಿಸಿ, ಬಣ್ಣ ಮಾಡಿಸುವ ಎಂದು ಮಂಗಳೂರಿನ ಒಂದು ಅಂಗಡಿಗೆ ಹೋದೆ.

"ಮದುಮಗಳ ಹಾಗೆ ಮಾಡಿ ಕೊಡುತ್ತೇನೆ ಧನಿಗಳೇ" ಎಂದರು. 22 ಸಾವಿರ, 12 ಸಾವಿರ ಮುಂಗಡ. "ನಳಿಗೆ ಸ್ವಲ್ಪ ಕತ್ತರಿಸಲಾ, ಜೇಬಿಗೆ ಸಲೀಸು" ಎಂದೂ ಕೇಳಿದರು. ಬೇಡ ಎಂದೆ. ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಅಪರಾಧ, ಆಯುಧ ಕಾಯ್ದೆಯ 6ನೇ ಸೆಕ್ಷನ್. ಕೋವಿ ವ್ಯಾಪಾರ ಮಾಡುವವರಿಗೆ ಇದು ಗೊತ್ತಿಲ್ಲವಾ? ಅಲ್ಲೇ ಎದ್ದು ಬರಬೇಕಿತ್ತು. ಬರಲಿಲ್ಲ.

ಹದಿನೈದು ದಿನ ಎಂದದ್ದು ಮೂರು ತಿಂಗಳಾಯಿತು. ಫೋನ್ ಮಾಡಿದರೆ ನಾಳೆ, ಹುಡುಗ ಊರಿಗೆ ಹೋಗಿದ್ದಾನೆ, ಮತ್ತೆ ನಾಳೆ. ಕೊನೆಗೆ ಕೈಗೆ ಬಂದಾಗ ಟ್ಯೂಬ್‌ಲೈಟಿನಡಿ ಪಳಪಳ ಹೊಳೆಯುತ್ತಿತ್ತು. ನೀಲಿ ಬಣ್ಣ ಕೇಳಿದ್ದೆ, ನಿಕ್ಕಲ್ ಹಾಕಿದ್ದರು. "ಇದು ಜಾಸ್ತಿ ಬಾಳಿಕೆ" ಎಂದರು. ಒಪ್ಪಿಕೊಂಡೆ. ಕೋವಿ ವಾಪಸ್ ತೆಗೆದುಕೊಳ್ಳುವಾಗ ಲೈಸೆನ್ಸ್ ಪುಸ್ತಕ ತೆರೆದು ಅದರಲ್ಲಿದ್ದ ನಂಬರನ್ನು ಕೋವಿಯ ಮೇಲೆ ಕೊರೆದ ನಂಬರಿಗೆ ತಾಳೆ ನೋಡುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಾನು ನೋಡಲಿಲ್ಲ. ನೋಡಲೇ ಇಲ್ಲ.

2024ರ ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆಯ ನೀತಿಸಂಹಿತೆ ಬಂತು. ಊರಿನ ಎಲ್ಲರ ಹಾಗೆ ಚುನಾವಣೆ ಮುಗಿಯುವವರೆಗೆ ಕೋವಿಯನ್ನು ಠಾಣೆಯಲ್ಲಿ ಡೆಪಾಸಿಟ್ ಮಾಡಲು ಹೋದೆ. ಅಲ್ಲಿದ್ದವರು ಕನ್ನಡಕ ಹಾಕಿಕೊಂಡರು. ರಿವಾಲ್ವರನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಹೆಬ್ಬೆರಳಿನಿಂದ ಉಜ್ಜಿದರು. ಪುಸ್ತಕ ನೋಡಿದರು, ಮತ್ತೆ ಉಜ್ಜಿದರು. "ಕೊನೆಯ ಎರಡು ಅಂಕೆ ಎಲ್ಲಿ?"

ಹಿಂದೆ ಸಾಲಿನಲ್ಲಿ ನಮ್ಮ ಊರಿನವರೇ ಕೋವಿ ಹಿಡಿದು ನಿಂತಿದ್ದರು. ನನ್ನ ಬಾಯಿಂದ ಮಾತು ಬರಲಿಲ್ಲ. ಪಾಲಿಶ್ ಮಾಡುವ ಬಫಿಂಗ್ ಚಕ್ರಕ್ಕೆ ಹಿಡಿದು ನಂಬರನ್ನೇ ಸವೆಸಿ, ಅದರ ಮೇಲೆ ನಿಕ್ಕಲ್ ಬಳಿದಿದ್ದರು! ಅದೇ ಆಯುಧ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ನಂಬರ್ ಅಳಿಸುವುದು ಅಪರಾಧ. ಅಷ್ಟೇ ಅಲ್ಲ, ಅಳಿಸಿದ ಕೋವಿ ಯಾರ ಕೈಯಲ್ಲಿ ಉಂಟೋ ಅವರೇ ಅಳಿಸಿದ್ದು ಎಂದು ಲೆಕ್ಕ. ಅಲ್ಲ ಎಂದು ನಾವೇ ತೋರಿಸಬೇಕು.

ಹೊರಗೆ ಬಂದವನೇ ಅಂಗಡಿಗೆ ಫೋನ್ ಮಾಡಿದೆ.

"ಪಾಲಿಶ್ ಮಾಡುವಾಗ ಸ್ವಲ್ಪ ಸವೆಯುತ್ತದೆ. ಅದಕ್ಕೆ ಎಂತ ಮಾರಾಯ್ರೆ?"

ಯಾರು ಮಾಡಿದ್ದು ಎಂದು ಕೇಳಿದೆ. ಆಗ ಬಾಯಿಬಿಟ್ಟರು. ಬೈಕಿನ ಸೈಲೆನ್ಸರ್‌ಗೆ ಕ್ರೋಮ್ ಹಾಕುವವನ ಹತ್ತಿರ ಕೊಟ್ಟಿದ್ದರಂತೆ. ನನ್ನ ಅಪ್ಪನ ರಿವಾಲ್ವರ್, ಲೈಸೆನ್ಸ್ ಇಲ್ಲದ ಯಾರದೋ ಶೆಡ್ಡಿನಲ್ಲಿ ಮೂರು ತಿಂಗಳು!

"ತನ್ನಿ, ನಾನೇ ನಂಬರ್ ಪಂಚ್ ಮಾಡಿ ಕೊಡುತ್ತೇನೆ, ಸಾವಿರ ರೂಪಾಯಿ ಸಾಕು" ಎಂದರು. ಅದೂ ಅಪರಾಧವೇ ಎಂದೆ. ಆಗ ಸ್ವರವೇ ಬದಲಾಯಿತು. ಧನಿಯೂ ಇಲ್ಲ, ಮಾರಾಯ್ರೂ ಇಲ್ಲ. "ನೀವೇ ಉಜ್ಜಿ ತಂದಿರಬಹುದು. ನಮ್ಮಲ್ಲಿ ಕೊಟ್ಟದ್ದಕ್ಕೆ ಎಂತ ಸಾಕ್ಷಿ ಉಂಟು?"

ನನ್ನ ಹತ್ತಿರ ಇದ್ದದ್ದು ಒಂದು ಚೀಟಿ. "ಪಾಲಿಶ್, ಹಿಡಿ" ಎಂದು ಬರೆದದ್ದು, ನಂಬರ್ ಇಲ್ಲ, ಸೀಲ್ ಇಲ್ಲ.

ಇನ್ನು ಬೀಟೆ ಮರದ ಹಿಡಿ. ಮನೆಯಲ್ಲಿ ಹತ್ತು ನಿಮಿಷ ಹಿಡಿದದ್ದಕ್ಕೆ ಬೆವರಿನಲ್ಲಿ ಅಂಗೈ ಕಂದು ಬಣ್ಣವಾಗಿತ್ತು. ಯಾವುದೋ ಕಾಡುಮರಕ್ಕೆ ಬಣ್ಣ. ಆಗಲೇ ಸಂಶಯ ಬರಬೇಕಿತ್ತು.

ಕೊಡುವ ಮೊದಲು ನಂಬರಿನ ಫೋಟೋ ಹತ್ತಿರದಿಂದ ತೆಗೆದುಕೊಳ್ಳಿ. ರಶೀದಿಯಲ್ಲಿ ನಂಬರ್ ಬರೆಸಿ, ಸೀಲ್ ಹಾಕಿಸಿ. ಮಾರುವ ಲೈಸೆನ್ಸ್ ತೋರಿಸಿದರೆ ಸಾಲದು, ರಿಪೇರಿಯ ಲೈಸೆನ್ಸ್ ಉಂಟಾ, ಕೆಲಸ ಅವರಲ್ಲೇ ಆಗುತ್ತದಾ ಕೇಳಿ. ಧನಿ ಎಂದು ಕರೆದವರನ್ನಂತೂ ನಂಬಬೇಡಿ.

ಚುನಾವಣೆ ಮುಗಿದು ಸಾಲಿನಲ್ಲಿದ್ದವರ ಕೋವಿಗಳೆಲ್ಲ ಮನೆಗೆ ಬಂದವು. ನನ್ನದು ಇನ್ನೂ ಠಾಣೆಯಲ್ಲೇ ಉಂಟು. ಮಣಿಪಾಲದ ಡಿಸಿ ಆಫೀಸಿಗೆ ನಾಲ್ಕು ಸಲ ಹೋಗಿ ಬಂದೆ. ಸೋಮವಾರ ಮತ್ತೆ ಹೋಗಬೇಕು, ಆ ಚೀಟಿ ಹಿಡಿದುಕೊಂಡು.