ಎರಡು ವರ್ಷ ಜೇಬಿನಲ್ಲಿದ್ದ ಕೆಂಪು ಚಾಕು

ಬೀಗ ರಿಪೇರಿಯವನು ನಮ್ಮ ಮನೆಯ ಬೀಗದ ಕೈಯನ್ನು ಬೆಳಕಿಗೆ ಹಿಡಿದು, ಅದರ ಹಲ್ಲುಗಳ ಸಂದಿಯಲ್ಲಿ ಮೆತ್ತಿಕೊಂಡಿದ್ದ ಕಂದು ಬಣ್ಣದ ಅಂಟನ್ನು ಉಗುರಿನಿಂದ ಕೆರೆದು ತೋರಿಸಿ, ‘ಇದ್ರಲ್ಲಿ ಏನ್ ಕುಯ್ತೀರಿ ಸಾರ್?’ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಮಂಡ್ಯದಲ್ಲಿ ಬಿತ್ತನೆ ಬೀಜ ಮತ್ತು ಗೊಬ್ಬರದ ಅಂಗಡಿ ಇಟ್ಟುಕೊಂಡು ಮೈಸೂರಿನ ಸರಸ್ವತಿಪುರಂನಿಂದ ದಿನವೂ ರೈಲಿನಲ್ಲಿ ಓಡಾಡುವ ನಾನು, ರಟ್ಟಿನ ಪೆಟ್ಟಿಗೆಗಳ ಟೇಪನ್ನು ವರ್ಷಗಟ್ಟಲೆ ಆ ಬೀಗದ ಕೈಯಿಂದಲೇ ಸೀಳುತ್ತಿದ್ದೆ. ಟೇಪಿನ ಅಂಟು ಕೂತು ಕೂತು, ಒಂದು ರಾತ್ರಿ ಅದು ಬೀಗದೊಳಗೆ ಅತ್ತಲೂ ತಿರುಗದೆ ಇತ್ತಲೂ ತಿರುಗದೆ ನಿಂತುಬಿಟ್ಟಿತು. ಹೆಂಡತಿ ಮಕ್ಕಳೊಂದಿಗೆ ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕುಳಿತಿದ್ದವನಿಗೆ, ಜೇಬಿನಲ್ಲಿ ಒಂದು ಚಾಕು ಇರಬೇಕಿತ್ತು ಎಂಬ ಯೋಚನೆ ಮೊದಲ ಬಾರಿಗೆ ಬಂದದ್ದು ಆಗ.

ಜೇಬಿನಲ್ಲಿ ಚಾಕು ಇಟ್ಟುಕೊಳ್ಳುವವರೆಲ್ಲ ಯಾರಿಗೋ ಹೆದರಿ ಇಟ್ಟುಕೊಳ್ಳುತ್ತಾರೆ ಎಂದೇ ನಮ್ಮಲ್ಲಿ ಹೆಚ್ಚಿನವರು ಭಾವಿಸುತ್ತಾರೆ. ಪತ್ರಿಕೆಯಲ್ಲಿ ‘ಚಾಕು ಇರಿತ’ ಎಂಬ ಎರಡು ಪದಗಳನ್ನು ಒಟ್ಟಾಗಿಯೇ ಓದಿ ಬೆಳೆದಿರುವ ನಮಗೆ ಚಾಕು ಎಂದೊಡನೆ ರಾಂಪುರಿ ನೆನಪಾಗುವುದು ಸಹಜವೂ ಹೌದು. ನಾನು ಕಂಡವರಲ್ಲಿ ಒಬ್ಬರೂ ಆ ಕಾರಣಕ್ಕೆ ಚಾಕು ಕೊಂಡವರಲ್ಲ. ಬೀಗದ ಕೈಯಿಂದ ಟೇಪು ಸೀಳಿ, ಹಲ್ಲಿನಿಂದ ದಾರ ಕಡಿದು, ಔಷಧಿ ಪೊಟ್ಟಣ ಬಿಡಿಸಲು ಎದುರು ಸೀಟಿನವರ ಬಳಿ ಬ್ಲೇಡು ಕೇಳಿ ಸಾಕಾಗಿ ಕೊಂಡವರು ಅವರು. ನಮ್ಮ ಅಜ್ಜಂದಿರ ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಅಡಕತ್ತರಿಯೋ ಸಣ್ಣ ಚಾಕುವೋ ಇದ್ದೇ ಇರುತ್ತಿತ್ತು, ಅದನ್ನು ಕಂಡು ಯಾರೂ ಬೆಚ್ಚಿದ್ದಿಲ್ಲ. ಕತ್ತರಿಸಿದ ಅಡಿಕೆ ಪೊಟ್ಟಣದಲ್ಲಿ ಸಿಗತೊಡಗಿದ ಮೇಲೆ ಸೊಂಟದ ಸಂಚಿಯೂ ಹೋಯಿತು, ಚಾಕುವೂ ಹೋಯಿತು. ಈಗ ದಿನಕ್ಕೊಂದು ಪಾರ್ಸೆಲ್ಲು ಬಾಗಿಲಿಗೆ ಬರುವ ಕಾಲದಲ್ಲಿ ಅದು ಬೇರೆ ರೂಪದಲ್ಲಿ ಹಿಂತಿರುಗುತ್ತಿದೆ ಎಂಬುದು ನನ್ನ ಎಣಿಕೆ.

ನಾನು ಕೊಂಡದ್ದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಸ್ಪಾರ್ಟನ್ ಎಂಬ ಮಾದರಿ, ಒಂದೇ ಹಿಡಿಯೊಳಗೆ ಹಲವು ಉಪಕರಣಗಳು ಮಡಚಿಕೊಂಡಿರುವ ಕೆಂಪು ಚಾಕು. ಕೊಟ್ಟ ಹಣ ಸುಮಾರು 2,000 ರೂಪಾಯಿ. ಅದಕ್ಕೂ ಮೊದಲು ಒಂದು ಜಾತ್ರೆಯಲ್ಲಿ ಅದೇ ಕೆಂಪು ಬಣ್ಣದ, ಹೆಚ್ಚುಕಡಿಮೆ ಅದೇ ಶಿಲುಬೆಯ ಗುರುತಿದ್ದ ಚಾಕುವನ್ನು 150 ರೂಪಾಯಿಗೆ ಕೊಂಡಿದ್ದೆ. ಮೂರನೆಯ ವಾರಕ್ಕೆ ಅದರ ರಿವೆಟ್ಟು ಸಡಿಲವಾಗಿ ಅಲಗು ಆಚೀಚೆ ಅಲ್ಲಾಡತೊಡಗಿತು, ತೆಂಗಿನ ನಾರಿನ ಹಗ್ಗವೊಂದನ್ನು ಕೊಯ್ಯಲು ಹೋದಾಗ ಬಾಯಿ ಮಡಚಿಕೊಂಡಿತು. ಮಡಚುವ ಚಾಕುವಿನಲ್ಲಿ ಅಲಗು ಸಡಿಲವಾಗುವುದೆಂದರೆ ಬೆರಳು ಹೋಗುವ ದಾರಿ, ಆದ್ದರಿಂದ ಈ ವಿಷಯದಲ್ಲಿ ಅಗ್ಗದ ಆಸೆ ಬೇಡ. ಅಸಲಿಯಲ್ಲಿ ದೊಡ್ಡ ಅಲಗಿನ ಬುಡದಲ್ಲಿ ಕಂಪನಿಯ ಹೆಸರು ಸ್ಫುಟವಾಗಿ ಮೂಡಿರುತ್ತದೆ. ತೆರೆದಾಗ ಮತ್ತು ಮುಚ್ಚಿದಾಗ ‘ಟಕ್’ ಎಂದು ಒಂದೇ ಬಗೆಯ ಶಬ್ದ ಬರುತ್ತದೆ.

ಈ ಚಾಕುವಿನ ಹುಟ್ಟನ್ನು ತಿಳಿದರೆ ಅದರ ಗುಣವೂ ಅರ್ಥವಾಗುತ್ತದೆ. ಈ ಕಂಪನಿಯ ಮೂಲಪುರುಷ ಕಾರ್ಲ್ ಎಲ್ಸೆನರ್ ಎಂಬಾತ ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಿನಲ್ಲಿ 1884ರಲ್ಲಿ ಚಾಕು ತಯಾರಿಸುವ ಸಣ್ಣ ಕಾರ್ಖಾನೆ ತೆರೆದು, 1891ರಲ್ಲಿ ಅಲ್ಲಿನ ಸೈನ್ಯಕ್ಕೆ ಚಾಕು ಒದಗಿಸಿದನು. ಸೈನ್ಯಕ್ಕೆಂದ ಮಾತ್ರಕ್ಕೆ ಅದು ಕಾದಾಡಲು ಮಾಡಿದ್ದಲ್ಲ. ಸೈನಿಕರು ಡಬ್ಬಿಯ ಆಹಾರವನ್ನು ತೆರೆಯಬೇಕಿತ್ತು, ಹೊಸದಾಗಿ ಬಂದಿದ್ದ ಬಂದೂಕನ್ನು ಬಿಚ್ಚಲು ಅವರಿಗೆ ಸ್ಕ್ರೂಡ್ರೈವರ್ ಬೇಕಿತ್ತು, ಅಷ್ಟೆ. ಅಧಿಕಾರಿಗಳಿಗೆಂದು 1897ರಲ್ಲಿ ಹಗುರವಾದ ಚಾಕು ಮಾಡಿದಾಗ, ಎರಡೇ ಸ್ಪ್ರಿಂಗುಗಳ ಮೇಲೆ ಆರು ಉಪಕರಣಗಳನ್ನು ಕೂರಿಸಿದ್ದು ಆತನ ಜಾಣ್ಮೆ. ಸ್ಪ್ರಿಂಗಿನ ಒಂದು ಮಗ್ಗುಲಲ್ಲಿ ಅಲಗುಗಳು, ಅದೇ ಸ್ಪ್ರಿಂಗಿನ ಬೆನ್ನಿನ ಮಗ್ಗುಲಲ್ಲಿ ಬಾಟಲಿಯ ಬಿರಡೆ ತೆಗೆಯುವ ಸುರುಳಿ ತಿರುಪು ಮತ್ತು ತೂತು ಕೊರೆಯುವ ಮೊನೆ. ನನ್ನ ಜೇಬಿನಲ್ಲಿರುವ ಸ್ಪಾರ್ಟನ್ ಬಹುಮಟ್ಟಿಗೆ ಅದೇ ರಚನೆ. ನಮ್ಮ ಮೈಸೂರಿನಲ್ಲಿ ತಾಳೆಗರಿಗಳನ್ನು ಕಾಪಾಡಲು ಓರಿಯೆಂಟಲ್ ಲೈಬ್ರರಿ ಆರಂಭವಾದದ್ದೂ 1891ರಲ್ಲಿಯೇ. ಗರಿಯ ಮೇಲೆ ಕೊರೆದು ಬರೆಯುತ್ತಿದ್ದ ಕಂಟ ಎಂಬ ಲೋಹದ ಲೇಖನಿಗಳಲ್ಲಿ ಕೆಲವಕ್ಕೆ ಗರಿ ಸವರುವ ಸಣ್ಣ ಚಾಕು ಹಿಡಿಯಲ್ಲೇ ಮಡಚಿಕೊಂಡಿರುತ್ತಿತ್ತು. ಒಂದೇ ಹಿಡಿಯಲ್ಲಿ ಎರಡು ಕೆಲಸ ಎಂಬ ಬುದ್ಧಿ ಸ್ವಿಟ್ಜರ್ಲೆಂಡಿನ ಸ್ವತ್ತೇನಲ್ಲ ಎಂದು ಹೇಳುವುದಕ್ಕಾಗಿ ಈ ಮಾತು.

ಮಡಚಿದಾಗ ಚಾಕುವಿನ ಉದ್ದ 91 ಮಿಲಿಮೀಟರ್, ತೂಕ ಸುಮಾರು 60 ಗ್ರಾಂ. ಪ್ಯಾಂಟಿನ ಜೇಬಿನಲ್ಲಿ ಚಿಲ್ಲರೆಯೊಂದಿಗೆ ಬಿದ್ದಿದ್ದರೆ ಇದೆಯೆಂಬುದೇ ಮರೆತುಹೋಗುತ್ತದೆ. ಪಂಚೆ ಉಟ್ಟ ದಿನ ಮಾತ್ರ ಅಂಗಿಯ ಜೇಬು ಜೋತುಬೀಳುತ್ತದೆ. ದೊಡ್ಡ ಅಲಗಿನ ಉದ್ದ ಆರು ಸೆಂಟಿಮೀಟರಿನ ಆಸುಪಾಸು. ಅದರ ಉಕ್ಕು ತುಕ್ಕು ಹಿಡಿಯದ ಜಾತಿಯದು, ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರಷ್ಟು. ಹೆಚ್ಚು ಬೆಲೆಯ ಚಾಕುಗಳಿಗೆ ಹೋಲಿಸಿದರೆ ಇದು ಮೆದು ಉಕ್ಕೇ ಸರಿ, ಆದ್ದರಿಂದ ಬೇಗ ಮೊಂಡಾಗುತ್ತದೆ. ಆದರೆ ಅಷ್ಟೇ ಬೇಗ ಮತ್ತೆ ಹರಿತವಾಗುತ್ತದೆ ಎಂಬುದನ್ನು ಮರೆಯಬಾರದು. ನನ್ನಂತಹ ಸಾಮಾನ್ಯರಿಗೆ ಈ ಎರಡನೆಯ ಗುಣವೇ ಮುಖ್ಯ.

ಕೆಲಸ ಹೇಗೆ ಮಾಡುತ್ತದೆ ಎಂಬುದಕ್ಕೆ ಚೀಲದ ಉದಾಹರಣೆ ಕೊಡುತ್ತೇನೆ. 45 ಕೆ.ಜಿ.ಯ ಯೂರಿಯಾ ಚೀಲವಾಗಲಿ ಪಶು ಆಹಾರದ ಚೀಲವಾಗಲಿ, ಬಾಯಿಯನ್ನು ಸರಪಳಿ ಹೊಲಿಗೆಯಲ್ಲಿ ಹೊಲಿದಿರುತ್ತಾರೆ. ಹೊಲಿಗೆಯ ಸರಿಯಾದ ತುದಿಯಲ್ಲಿ ಒಂದೇ ಒಂದು ಕುಣಿಕೆಯನ್ನು ಕೊಯ್ದು ದಾರವನ್ನು ಎಳೆದರೆ, ಸರ್ರನೆ ಉದ್ದಕ್ಕೂ ಬಿಚ್ಚಿಕೊಂಡು ಬಂದು ಚೀಲ ಎಲ್ಲಿಯೂ ಹರಿಯದೆ ಮತ್ತೊಂದು ಬಳಕೆಗೆ ಉಳಿಯುತ್ತದೆ. ತಪ್ಪು ತುದಿಯಿಂದ ಹಿಡಿದರೆ ಪ್ರತಿಯೊಂದು ಹೊಲಿಗೆಯೂ ಗಂಟು ಬಿದ್ದು, ಕೊನೆಗೆ ಸಿಟ್ಟಿನಲ್ಲಿ ಚೀಲವನ್ನೇ ಸೀಳಬೇಕಾಗುತ್ತದೆ. ಆ ಒಂದು ಕುಣಿಕೆಯೊಳಗೆ ತೂರಬೇಕಾದ ಮೊನೆ ಎಷ್ಟು ಸಣ್ಣದಿರಬೇಕೆಂದರೆ ಕುಡುಗೋಲಿಗೂ ಮಚ್ಚಿಗೂ ಅದು ಸಾಧ್ಯವಿಲ್ಲ. ಸ್ಪಾರ್ಟನ್ನಿನ ಚಿಕ್ಕ ಅಲಗು ಅಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತದೆ. ಹಾಗೆಂದು ಎಳನೀರು ಕೆತ್ತಲು ಇದನ್ನು ತೆಗೆದರೆ ಮದ್ದೂರಿನ ರಸ್ತೆ ಬದಿಯಲ್ಲಿ ನಗೆಪಾಟಲಾಗುವುದು ಖಂಡಿತ.

ನನ್ನ ಅಂಗಡಿಯಲ್ಲಿ ಕೀಟನಾಶಕದ ಪೆಟ್ಟಿಗೆಗಳೂ ಇರುವುದರಿಂದ ಮೊದಲ ದಿನವೇ ಒಂದು ಕಟ್ಟುಪಾಡು ಮಾಡಿಕೊಂಡೆ: ಚೀಲ, ಪೆಟ್ಟಿಗೆ, ದಾರವೆಲ್ಲ ಚಿಕ್ಕ ಅಲಗಿಗೆ, ಹಣ್ಣು ಮಾತ್ರ ದೊಡ್ಡದಕ್ಕೆ. ಔಷಧಿಯ ಬಾಟಲಿಗಳಿರುವ ಪೆಟ್ಟಿಗೆಯ ಹತ್ತಿರಕ್ಕೆ ಈ ಚಾಕು ಹೋಗುವುದೇ ಇಲ್ಲ. ಅದಕ್ಕೆ 40 ರೂಪಾಯಿಯ ಪೇಪರ್ ಕಟರ್ ಒಂದನ್ನು ಗಲ್ಲಾದ ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿದ್ದೇನೆ. ಪಾರ್ಸೆಲ್ಲು ಬಿಡಿಸುವುದಷ್ಟೇ ನಿಮ್ಮ ಅಗತ್ಯವಾಗಿದ್ದರೆ ನಿಮಗೂ ಆ ಕಟರೇ ಸಾಕು, ಎರಡು ಸಾವಿರ ಸುರಿಯಬೇಕಿಲ್ಲ.

ಉಳಿದ ಉಪಕರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಮ್ಮಟ ಉತ್ತಮವಾಗಿದೆ, ಕಬ್ಬಿನ ಗದ್ದೆಯಿಂದ ಬಂದ ರೈತರ ಅಂಗೈಯಿಂದ ಸುಂಕು ತೆಗೆಯಲು ಹಲವು ಬಾರಿ ಕೊಟ್ಟಿದ್ದೇನೆ. ಹಲ್ಲುಕಡ್ಡಿಯನ್ನು ಮೊದಲ ತಿಂಗಳಲ್ಲೇ ಕಳೆದುಕೊಂಡೆ. ಡಬ್ಬಿ ತೆರೆಯುವ ಅಲಗಿನ ತುದಿ ಸ್ವಿಚ್ ಬೋರ್ಡಿನ ತಿರುಪಿಗೆ ಸರಿಹೊಂದುತ್ತದೆ. ಬಿರಡೆ ತೆಗೆಯುವ ಸುರುಳಿ ತಿರುಪು ನಮ್ಮಂತಹವರ ಮನೆಯಲ್ಲಿ ಏತಕ್ಕೆ ಎಂದು ಬಹಳ ದಿನ ಬೇಸರಪಟ್ಟಿದ್ದೆ, ಅದರ ಜಾಗದಲ್ಲಿ ಒಂದು ಕತ್ತರಿ ಇದ್ದಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಕತ್ತರಿಯೇ ಬೇಕೆನ್ನುವವರಿಗೆ ಅದೇ ಕಂಪನಿಯ 58 ಮಿಲಿಮೀಟರಿನ ಕ್ಲಾಸಿಕ್ ಇದೆ. ನನ್ನ ಹೆಂಡತಿಯ ಬೀಗದ ಕೈಗೊಂಚಲಿನಲ್ಲಿ ಇರುವುದು ಅದು, ಹೂವಿನ ದಾರಕ್ಕೂ ಹಾಲಿನ ಪೊಟ್ಟಣಕ್ಕೂ ನನ್ನದಕ್ಕಿಂತ ಅದೇ ಮೇಲು.

ಈ ಚಾಕುವಿನ ಅಲಗು ತೆರೆದ ಮೇಲೆ ಬೀಗ ಬೀಳುವುದಿಲ್ಲ, ಸ್ಪ್ರಿಂಗಿನ ಬಿಗಿಯಿಂದ ನಿಲ್ಲುತ್ತದೆ, ಅಷ್ಟೆ. ಕೊಯ್ಯುವ ದಿಕ್ಕಿನಲ್ಲಿ ಒತ್ತಿದರೆ ಅಪಾಯವಿಲ್ಲ, ಮೊನೆಯಿಂದ ತಿವಿಯಲು ಹೋದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ಬಲಿತ ಸಿಹಿಗುಂಬಳಕ್ಕೆ ಮೊನೆ ಚುಚ್ಚಿ ಸೀಳುವ ಅವಿವೇಕ ಮಾಡಿ ತೋರುಬೆರಳಿಗೆ ಎರಡು ಹೊಲಿಗೆ ಹಾಕಿಸಿಕೊಂಡಿದ್ದೇನೆ, ತಪ್ಪು ನೂರಕ್ಕೆ ನೂರು ನನ್ನದೇ. ಬೀಗವಿರುವ ಚಾಕು ಬೇಕೆನ್ನುವವರು ಫ್ರಾನ್ಸಿನ ಓಪಿನೆಲ್ ಕಂಪನಿಯ 8ನೇ ನಂಬರನ್ನು ನೋಡಬಹುದು: ಎಂಟೂವರೆ ಸೆಂಟಿಮೀಟರ್ ಅಲಗು, ಮರದ ಹಿಡಿ, ಕುತ್ತಿಗೆಯಲ್ಲಿ ತಿರುಗಿಸಿ ಬಿಗಿಮಾಡುವ ಲೋಹದ ಉಂಗುರ. ಹಣ್ಣು ತರಕಾರಿಗೆ ಅದರ ತೆಳುವಾದ ಅಲಗು ಬಹಳ ಸೊಗಸು. ಆದರೆ ಮರ ನೀರು ಕುಡಿದರೆ ಉಬ್ಬುತ್ತದೆ, ಕಾರ್ಬನ್ ಉಕ್ಕಿನ ಬಗೆಯನ್ನು ಕೊಂಡರೆ ನಿಂಬೆಹಣ್ಣು ಹೆಚ್ಚಿ ಒರೆಸದೆ ಇಟ್ಟಾಗ ಕಪ್ಪಾಗುತ್ತದೆ.

ತುಕ್ಕು ಹಿಡಿಯದ ಉಕ್ಕೆಂದು ಸ್ಪಾರ್ಟನ್ನಿಗೆ ಆರೈಕೆ ಬೇಡವೆಂದಲ್ಲ. ಕಳೆದ ಸಂಕ್ರಾಂತಿಯ ಮುಂಚೆ ಕಬ್ಬಿನ ಸಿಪ್ಪೆ ಸುಲಿದು, ಅಲಗನ್ನು ಕರವಸ್ತ್ರದಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡು ರೈಲು ಹತ್ತಿದೆ. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ತೊಡೆಯ ಮೇಲೆ ಇರುವೆಗಳ ಸಾಲು ಹೊರಟಿತ್ತು. ರಸ ಇಳಿದಿದ್ದದ್ದು ಅಲಗಿನ ಮೇಲಲ್ಲ, ಕೀಲಿನೊಳಗೆ. ಬಿಸಿನೀರಿನಲ್ಲಿ ಮುಳುಗಿಸಿ ಎಲ್ಲ ಅಲಗುಗಳನ್ನೂ ಹತ್ತಾರು ಬಾರಿ ತೆರೆದು ಮುಚ್ಚಿ ಒಣಗಿಸಿದ ಮೇಲೆ, ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆಯನ್ನೇ ಒಂದು ಹನಿ ಬಿಟ್ಟೆ. ಅದು ಎರಡನೆಯ ತಪ್ಪು, ಏಕೆಂದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಮೈಸೂರಿನ ಜನವರಿಯ ಬೆಳಗಿನ ಚಳಿ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಮರುದಿನ ಉಗುರು ಕಿತ್ತುಬರುವಂತಿದ್ದರೂ ಅಲಗು ಏಳಲಿಲ್ಲ. ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದು ಹನಿ ಕೀಲಿಗೆ ಬಿಟ್ಟು, ಅಲಗನ್ನು ಚೆನ್ನಾಗಿ ಒರೆಸಿಬಿಟ್ಟರೆ ಸಾಕು.

ಸಾಣೆಯ ವಿಷಯದಲ್ಲೂ ಎಚ್ಚರ ಬೇಕು. ಬೀದಿಯಲ್ಲಿ ಸೈಕಲ್ಲಿನ ಮೇಲೆ ಸಾಣೆಚಕ್ರ ತರುವವರು ಈಳಿಗೆಮಣೆಗೂ ಕತ್ತರಿಗೂ ತಕ್ಕವರು. ಇಷ್ಟು ತೆಳುವಾದ ಅಲಗು ಆ ಕಿಡಿ ಹಾರುವ ಬಿಸಿಯಲ್ಲಿ ಹದ ಕಳೆದುಕೊಳ್ಳುತ್ತದೆ, ಸವೆಯುವುದೂ ಹೆಚ್ಚು. ನಯವಾದ ಸಾಣೆಕಲ್ಲಿಗೆ ನೀರು ಹಚ್ಚಿ, ಅಲಗನ್ನು ಕಲ್ಲಿನಿಂದ ಹದಿನೈದು ಇಪ್ಪತ್ತು ಡಿಗ್ರಿಯಷ್ಟು ಮಾತ್ರ ಎತ್ತಿ, ಎರಡೂ ಮಗ್ಗುಲನ್ನು ಸಮವಾಗಿ ಎಳೆಯಬೇಕು. ಕಲ್ಲಿಲ್ಲದ ಮನೆಯಲ್ಲಿ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದ ಹೊಳಪಿಲ್ಲದ ಬಳೆಯ ಮೇಲೆ ಎಳೆದರೂ ಆದೀತು. ವೃತ್ತಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದಾಗ ಶಬ್ದವಿಲ್ಲದೆ ಸೀಳಿದರೆ ಹರಿತವಾಯಿತೆಂದು ಲೆಕ್ಕ.

ಕಾನೂನಿನ ಭಯ ಪಡುವವರಿಗೆ ಒಂದು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ 2016ರಲ್ಲಿ ಬಂದ ನಿಯಮಗಳು ಆಯುಧವೆಂದು ಪಟ್ಟಿ ಮಾಡಿರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಅದರಲ್ಲಿಯೂ ಮನೆಬಳಕೆ ಮತ್ತು ಬೇಸಾಯಕ್ಕೆಂದು ಮಾಡಿದವನ್ನು ಹೊರಗಿಟ್ಟಿದೆ. ಎರಡೂವರೆ ಇಂಚಿನ ಈ ಅಲಗು ಆ ಲೆಕ್ಕಕ್ಕೆ ಬರುವುದಿಲ್ಲ. ವಿಮಾನದ ಮಾತು ಬೇರೆ. ಕೈಚೀಲದಲ್ಲಿ ಇಟ್ಟುಕೊಂಡು ಹೋದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ, ಆದ್ದರಿಂದ ಹಿಂದಿನ ರಾತ್ರಿಯೇ ಅದನ್ನು ದೊಡ್ಡ ಪೆಟ್ಟಿಗೆಗೆ ಸೇರಿಸಬೇಕು. ಜನರ ನೋಟದ ವಿಷಯದಲ್ಲಿ ಕೆಂಪು ಬಣ್ಣ ದೊಡ್ಡ ಉಪಕಾರಿ. ಇದೇ ಅಲಗು ಕಪ್ಪು ಹಿಡಿಯಲ್ಲಿದ್ದಿದ್ದರೆ ರೈಲಿನಲ್ಲಿ ಪಕ್ಕದವರು ಸರಿದು ಕೂರುತ್ತಿದ್ದರೇನೋ. ಈಗ, ಎರಡು ಸಾಲು ಆಚೆಯಿಂದ ‘ಅಣ್ಣಾ, ಚಾಕು ಕೊಡಿ’ ಎಂದು ಸೀಬೆಹಣ್ಣು ಹಿಡಿದುಕೊಂಡು ಕೇಳುತ್ತಾರೆ. ನಮ್ಮ ತಾಯಿ ಮಾತ್ರ ಇಂದಿಗೂ ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡಬಾರದೆಂದು ನೆಲದ ಮೇಲಿಡಿಸಿಯೇ ಎತ್ತಿಕೊಳ್ಳುತ್ತಾರೆ. ಆಯುಧಪೂಜೆಯ ದಿನ ಈಳಿಗೆಮಣೆಯ ಪಕ್ಕದಲ್ಲಿ ಇದಕ್ಕೂ ಕುಂಕುಮ ಇಟ್ಟು, ಆ ದಿನ ಮುಟ್ಟಬೇಡವೆಂದು ನನ್ನ ಜೇಬು ಬರಿದು ಮಾಡುತ್ತಾರೆ. ವರ್ಷದಲ್ಲಿ ಆ ಒಂದು ದಿನ ಎಷ್ಟು ಬಾರಿ ಕೈ ಜೇಬಿಗೆ ಹೋಗುತ್ತದೆಂದು ಎಣಿಸಲು ಹೋಗಿ, ಮಧ್ಯಾಹ್ನಕ್ಕೇ ಬಿಟ್ಟುಬಿಟ್ಟೆ.

ಸುರುಳಿ ತಿರುಪಿನ ಮಾತು ಬಾಕಿ ಇದೆ. ಮಂಡ್ಯದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಮಾವನವರು ಈ ಚಾಕುವನ್ನು ಮೊದಲ ಸಲ ಕಂಡಾಗ, ತಮ್ಮ ಮಚ್ಚನ್ನು ಪಕ್ಕದಲ್ಲಿ ಹಿಡಿದು ನಕ್ಕಿದ್ದರು. ಈ ಸಲದ ಮಳೆಗಾಲದಲ್ಲಿ ಹಸುವಿನ ನೈಲಾನ್ ಹಗ್ಗದ ಗಂಟು ನೆನೆದು ಕಲ್ಲಿನಂತಾಗಿ, ಹಲ್ಲಿಗೂ ಉಗುರಿಗೂ ಜಗ್ಗದೆ, ಹೊಸ ಹಗ್ಗವನ್ನು ಕೊಯ್ಯಲು ಮನಸ್ಸಿಲ್ಲದೆ ಅವರು ಪೇಚಾಡುತ್ತಿದ್ದಾಗ, ಆ ಸುರುಳಿಯ ತುದಿಯನ್ನು ಗಂಟಿನ ನಡುವೆ ತಿರುವಿ ಮೆಲ್ಲಗೆ ಮೇಲಕ್ಕೆ ಎಳೆದೆ. ಗಂಟು ಬಾಯಿ ಬಿಟ್ಟಿತು. ಮಾವನವರು ಚಾಕುವನ್ನು ಕೈಗೆ ತೆಗೆದುಕೊಂಡು, ಉಳಿದ ಅಲಗುಗಳನ್ನೆಲ್ಲ ಒಂದೊಂದಾಗಿ ಮಡಚಿ, ಸುರುಳಿಯೊಂದನ್ನೇ ಹೊರಗಿಟ್ಟು ನೋಡಿ, ‘ಇದೊಂದ್ನ ಬಿಚ್ಚಿ ನಂಗ್ ಕೊಟ್ಬುಡು ಅಳೀಮಯ್ಯ, ಮಿಕ್ಕಿದ್ದ ನೀನೇ ಮಡೀಕೊ’ ಎಂದರು.