ಕಾರವಾರದಲ್ಲಿ ಮಾಡಿಸಿದ ವಂಶವೃಕ್ಷದ ಚಾರ್ಟ್, ಅದೂ ಸ್ಪೇನಿನವರದ್ದು

ಕಾರವಾರ ಮಾರ್ಕೆಟ್ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ವಂಶವೃಕ್ಷದ ಚಾರ್ಟ್ ಮಾಡಿಕೊಡುತ್ತಾರೆ. ಅಂಗಡಿ ಹೆಸರು ಬೇಡ, ದೂರೂ ಇದೆ. ಎಲ್ಲರೂ ತಮ್ಮ ಮನೆತನದ್ದು ಮಾಡಿಸುತ್ತಾರೆ, ನಾನು ಪಿಯು ಮಕ್ಕಳಿಗೆ ತೋರಿಸಲು ಸ್ಪೇನಿನ ಆಲ್ಬಾ ಡ್ಯೂಕ್‌ಗಳದ್ದು ಮಾಡಿಸಿದೆ (ಡ್ಯೂಕ್ ಅಂದರೆ ರಾಜ ಕೊಟ್ಟ, ವಂಶಪಾರಂಪರ್ಯವಾಗಿ ಬರುವ ದೊಡ್ಡ ಪದವಿ; ಹೆಂಗಸಾದರೆ ಡಚೆಸ್).

ಮೊದಲ ಪ್ರೂಫ್‌ನಲ್ಲಿ ಮರ ಅರ್ಧಕ್ಕೇ ನಿಂತಿತ್ತು. ಅವರ ರೆಡಿ ಡಿಸೈನ್‌ನಲ್ಲಿ ಗೆರೆ ಗಂಡುಮಕ್ಕಳಿಂದ ಮಾತ್ರ ಕೆಳಗೆ ಇಳಿಯುತ್ತದೆ, ಹೆಣ್ಣುಮಕ್ಕಳಿಗೆ ಪಕ್ಕದಲ್ಲೊಂದು ಸಣ್ಣ ಬಾಕ್ಸ್, ಅಷ್ಟೇ. ಆಲ್ಬಾದವರ ಕಥೆ ಹಾಗೆ ನಡೆಯುವುದೇ ಇಲ್ಲ. 1472ರಲ್ಲಿ ರಾಜ ನಾಲ್ಕನೇ ಎನ್ರಿಕೆ ಈ ಪದವಿ ಕೊಟ್ಟಾಗ ಅದು ಅಲ್ವಾರೆಸ್ ದೆ ತೊಲೆದೊ ಮನೆಯವರದು. ಆಮೇಲೆ ಮಗಳ ಮೂಲಕ ಸಿಲ್ವಾ ಮನೆಯವರಿಗೆ ಹೋಯಿತು. ಸ್ಪೇನಿನ ಚಿತ್ರಕಾರ ಗೋಯಾ ಚಿತ್ರ ಬರೆದರಲ್ಲ, ಆ 13ನೇ ಡಚೆಸ್ ಕಯೆತಾನಾ, 1802ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಪದವಿ ಸಿಕ್ಕಿದ್ದು ದೂರದ ನೆಂಟನಾದ 8 ವರ್ಷದ ಹುಡುಗನಿಗೆ. ಅವನು ಫಿಟ್ಸ್-ಜೇಮ್ಸ್ ಸ್ಟುವರ್ಟ್, ಇಂಗ್ಲೆಂಡಿನ ರಾಜ ಎರಡನೇ ಜೇಮ್ಸ್‌ಗೆ ಮದುವೆಯಾಚೆ ಹುಟ್ಟಿದ ಮಗನ ವಂಶದವನು! 1953ರಲ್ಲಿ ಪದವಿ ಮತ್ತೆ ಮಗಳಿಗೆ, 18ನೇ ಡಚೆಸ್, ಹೆಸರು ಅದೇ ಕಯೆತಾನಾ (ಅಂಗಡಿಯವರು ಇಬ್ಬರನ್ನೂ ಒಂದೇ ಬಾಕ್ಸ್‌ಗೆ ತುರುಕಿದ್ದರು). 2014ರಲ್ಲಿ ಅವರು ತೀರಿಕೊಂಡ ಮೇಲೆ ಬಂದ ಮಗ ಕಾರ್ಲೋಸ್ 19ನೇ ಡ್ಯೂಕ್, ಅಡ್ಡಹೆಸರಿನಲ್ಲಿ ಅಮ್ಮನದೇ ಮುಂದೆ, ಅಪ್ಪನದು ಹಿಂದೆ.

ಹಾಗಂತ ಅಲ್ಲಿ ಹೆಣ್ಣುಮಕ್ಕಳಿಗೆ ಸುಮ್ನೆ ಕೊಡುತ್ತಿದ್ದರು ಅಂದುಕೊಳ್ಳಬೇಡಿ. ತಮ್ಮ ಇದ್ದರೆ ಅಕ್ಕನಿಗೆ ಪದವಿ ಇಲ್ಲ ಅನ್ನುವುದೇ ಮೊದಲಿನ ಪದ್ಧತಿ. 2006ರ ಕಾನೂನು ಬಂದ ಮೇಲೆ ಗಂಡಾಗಲಿ ಹೆಣ್ಣಾಗಲಿ, ಹಿರಿಯ ಮಗುವಿಗೇ.

ಡಿಸೈನ್ ಮಾಡುವ ಹುಡುಗ ಮಾತ್ರ ಚುರುಕು. ಸ್ಪೇನಿನಲ್ಲಿ ಅಪ್ಪ ಹೋದ ಕೂಡಲೇ ಪದವಿ ತಾನಾಗಿ ಬರುವುದಿಲ್ಲ, ನ್ಯಾಯ ಇಲಾಖೆಗೆ ಅರ್ಜಿ ಹಾಕಬೇಕು, ತೆರಿಗೆ ಕಟ್ಟಬೇಕು ಎಂದೆ. "ನಮ್ಮ ಪೌತಿ ಖಾತೆ ಇದ್ದ ಹಾಗೇ ಅಲ್ವಾ ಸರ್" ಅಂದ. ಆಮೇಲೆ ರೆಡಿ ಡಿಸೈನ್ ಬಿಟ್ಟು ಕೈಯಲ್ಲೇ ಗೆರೆ ಎಳೆದು, ಮೂರು ಅಡ್ಡಹೆಸರಿಗೆ ಮೂರು ಬಣ್ಣ ಕೊಟ್ಟ, ಜಾಸ್ತಿ ದುಡ್ಡು ಕೇಳಲಿಲ್ಲ. ಕೆಲಸ ನಿಜಕ್ಕೂ ಚೆನ್ನಾಗಿದೆ.

ದೂರು ಲ್ಯಾಮಿನೇಶನ್ ಬಗ್ಗೆ. ಮಳೆಗಾಲದಲ್ಲಿ ಮಾಡಿಸಿದ್ದಕ್ಕೋ ಏನೋ, ಅಂಚಿನಲ್ಲಿ ಗುಳ್ಳೆ ಎದ್ದಿವೆ, ಕೇಳಿದರೆ "ಹಾಗೇ ಆಗ್ತದೆ" ಅನ್ನುತ್ತಾರೆ. ಕ್ಯಾನ್ವಾಸ್‌ನಲ್ಲೇ ಮಾಡಿಸಿ. ಮನೆಯ ಹೆಣ್ಣುಮಕ್ಕಳ ಮಕ್ಕಳೂ ಚಾರ್ಟ್‌ನಲ್ಲಿ ಬರಬೇಕಿದ್ದರೆ ಆರ್ಡರ್ ಕೊಡುವಾಗಲೇ ಹೇಳಿಬಿಡಿ.