ನಿವೃತ್ತಿ ಹತ್ತಿರ ಬಂದವರೇ, ‘ಎಲ್ಲಾ ಫಂಡ್ ಒಂದೇ ಕಡೆ ಮಾಡಿಕೊಡ್ತೇನೆ’ ಎಂದು ಬಂದವರಿಗೆ ಒಟಿಪಿ ಹೇಳಬೇಡಿ

ಎರಡು ವಾರದಿಂದ ಬರೆಯಲೋ ಬೇಡವೋ ಎಂದು ಒದ್ದಾಡಿದೆ. ನಾಚಿಕೆ ಅಡ್ಡ ಬರುತ್ತಿತ್ತು. ಆದರೆ ನಿನ್ನೆ ಒಂದು ಸುದ್ದಿ ಕಿವಿಗೆ ಬಿತ್ತು. ಇನ್ನು ಸುಮ್ಮನಿರಲು ಆಗುವುದಿಲ್ಲ.

ನಾನು ಕುಮಟಾದಲ್ಲಿ ಹೈಸ್ಕೂಲ್ ಟೀಚರ್. ಗಣಿತ. ಬರುವ ಮೇ ತಿಂಗಳಿಗೆ ನಿವೃತ್ತಿ. ನನ್ನ ಹತ್ತಿರ ಒಂಬತ್ತು ಮ್ಯೂಚುವಲ್ ಫಂಡ್‌ಗಳಿದ್ದವು. ಕೆಲವು ಯಜಮಾನರು ಬ್ಯಾಂಕಿನಲ್ಲಿ ಮಾಡಿಸಿದ್ದು, ಕೆಲವು ಅಕ್ಕನ ಮಗ ಏಜೆಂಟರಿಲ್ಲದೆ, ಕಮಿಷನ್ ಇಲ್ಲದ ಡೈರೆಕ್ಟ್‌ನಲ್ಲಿ ಮಾಡಿಕೊಟ್ಟಿದ್ದು. ಒಂಬತ್ತರಲ್ಲಿ ಮೂರು ಹೆಚ್ಚುಕಡಿಮೆ ಅದೇ ಕಂಪನಿಗಳ ಷೇರು ಇಟ್ಟುಕೊಂಡಿದ್ದವು. ಕಡಿಮೆ ಮಾಡಬೇಕಿತ್ತು, ನಿಜ. ಎಲ್ಲಾ ಸೇರಿ 18 ಲಕ್ಷ, ಅದರಲ್ಲಿ ಲಾಭವೇ 8 ಲಕ್ಷ. ತಿಂಗಳು ತಿಂಗಳು ಹಣ ಹಾಕುವ ಎಸ್‌ಐಪಿ ನಿಲ್ಲಿಸಿ ಎರಡು ವರ್ಷವಾಗಿತ್ತು, ಹಾಗಾಗಿ ಬೇಗ ಹೊರಬಂದರೆ ಕಡಿತವಾಗುವ ಎಕ್ಸಿಟ್ ಲೋಡ್ ಕೂಡ ಇರಲಿಲ್ಲ.

ಆಗ ಬಂದವನು ನನ್ನ ಹಳೇ ವಿದ್ಯಾರ್ಥಿ. ಹೆಸರು ಬೇಡ. ‘ಅಕ್ಕೋರೇ, ಈ ವಯಸ್ಸಲ್ಲಿ ಒಂಬತ್ತು ಫಂಡ್ ಯಾರು ನೋಡ್ಕೊಳ್ತಾರೆ? ಎರಡು ಮಾಡಿಕೊಡ್ತೇನೆ. ನಿಮ್ಮ ಕೈಯಲ್ಲಿ ಕಲಿತವ ನಾನು’ ಅಂದ. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಶೇಕಡಾ ಲೆಕ್ಕ, ಬಡ್ಡಿ ಲೆಕ್ಕ ನಾನೇ ಕಲಿಸಿದ ಹುಡುಗ. ನಂಬದೇ ಇರುವುದು ಹೇಗೆ?

ಮಾರ್ಚ್ 2025. ಭಾನುವಾರ ಮಧ್ಯಾಹ್ನ. ಮೇಜಿನ ಮೇಲೆ ಒಂಬತ್ತನೇ ತರಗತಿಯ ಉತ್ತರ ಪತ್ರಿಕೆಗಳ ಕಟ್ಟು. ಅವನಿಗೆ ಕೋಕಂ ಪಾನಕ ಕೊಟ್ಟೆ, ಎರಡು ಲೋಟ ಕುಡಿದ. ಅವನು ಲ್ಯಾಪ್‌ಟಾಪಿನಲ್ಲಿ ಒತ್ತುತ್ತಿದ್ದ. ನನ್ನ ಫೋನ್ ಟಣ್ ಅಂದಾಗಲೆಲ್ಲ ಕೆಂಪು ಪೆನ್ನು ಕೆಳಗಿಟ್ಟು ಒಟಿಪಿ ಓದಿ ಹೇಳುತ್ತಿದ್ದೆ. ಒಂಬತ್ತು ಸಲ. ಒಂದೊಂದು ಮೆಸೇಜಿನಲ್ಲೂ ‘ರಿಡೆಂಪ್ಶನ್’ ಎಂದು ಬರೆದಿತ್ತು, ಅಂದರೆ ಮಾರಾಟ. ನಾನು ಓದಿದ್ದು ಆರು ಅಂಕಿ ಮಾತ್ರ.

ಕೇಳಿದೆ, ಕೇಳದೇ ಬಿಡಲಿಲ್ಲ. ‘ಇದು ಮಾರಿದ ಹಾಗಲ್ವಾ?’ ಅಂದೆ. ‘ಅಲ್ಲ ಅಕ್ಕೋರೇ, ಬರೀ ಸ್ವಿಚ್. ದುಡ್ಡು ನಿಮ್ಮ ಬ್ಯಾಂಕಿಗೆ ಬಂದು ಹೊಸ ಫಂಡಿಗೆ ಹೋಗ್ತದೆ, ಅಷ್ಟೇ.’ ಬ್ಯಾಂಕಿಗೆ ದುಡ್ಡು ಬಂತು ಅಂದರೆ ಮಾರಿದ್ದೇ. ಅಲ್ವಾ? ಸ್ವಿಚ್ ಎಂದು ಕರೆದರೂ ಆದಾಯ ತೆರಿಗೆಯವರ ಲೆಕ್ಕದಲ್ಲಿ ಅದು ಮಾರಾಟವೇ. ಅವತ್ತು ನನಗೆ ಹೊಳೆಯಲಿಲ್ಲ.

ಇನ್ನೊಂದು ಮಾತು ಹೇಳಿದ. ನನಗೆ ಈಗಲೂ ಮೈ ಉರಿಯುವುದು ಅದಕ್ಕೆ. ‘ನಿಮ್ಮ ಹಳೇ ಫಂಡಿನ ಯೂನಿಟ್ 412 ರೂಪಾಯಿ. ಈ ಹೊಸ ಎನ್‌ಎಫ್‌ಒ ಬರೀ 10 ರೂಪಾಯಿಗೆ ಸಿಗ್ತಿದೆ. ಏರಲಿಕ್ಕೆ ಜಾಗ ಜಾಸ್ತಿ.’ ಎನ್‌ಎಫ್‌ಒ ಅಂದರೆ ಹೊಸದಾಗಿ ಮಾರಾಟಕ್ಕೆ ಬಿಟ್ಟ ಫಂಡ್. ನಾನು ತಲೆ ಆಡಿಸಿದೆ! 10 ರೂಪಾಯಿಯ ಯೂನಿಟ್ ಶೇ. 10 ಏರಿದರೆ 11. 412ರ ಯೂನಿಟ್ ಶೇ. 10 ಏರಿದರೆ 453 ರೂಪಾಯಿ 20 ಪೈಸೆ. ಒಂದು ಲಕ್ಷ ಹಾಕಿದವರಿಗೆ ಎರಡರಲ್ಲೂ ಸಿಗುವುದು ಅದೇ ಹತ್ತು ಸಾವಿರ. ಪರೀಕ್ಷೆಯಲ್ಲಿ ಮಕ್ಕಳು ಇಂಥ ತಪ್ಪು ಮಾಡಿದರೆ ನಾನು ಸೊನ್ನೆ ಹಾಕುತ್ತಿದ್ದೆ.

ಆಗಸ್ಟ್‌ನಲ್ಲಿ ರಿಟರ್ನ್ ತುಂಬಲು ಹೋದೆ. ಲೆಕ್ಕದವರು ಸ್ಟೇಟ್‌ಮೆಂಟ್ ನೋಡಿ ಕನ್ನಡಕ ತೆಗೆದರು. ‘ಎಲ್ಲಾ ಒಂದೇ ವರ್ಷದಲ್ಲಿ ಯಾಕೆ ಮಾರಿದ್ರಿ ಟೀಚರ್?’ ಎಂದು ಕೇಳಿದರು. ಒಂದು ವರ್ಷ ದಾಟಿದ ಈಕ್ವಿಟಿ ಫಂಡಿನ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದದ್ದಕ್ಕೆ ಶೇ. 12.5. ನನ್ನ 8 ಲಕ್ಷದಲ್ಲಿ 1.25 ಕಳೆದರೆ 6.75 ಲಕ್ಷ. ತೆರಿಗೆ, ಅದರ ಮೇಲೆ ಶೇ. 4 ಸೆಸ್ ಸೇರಿ 87,750 ರೂಪಾಯಿ. ಒಂದಿಷ್ಟು ಮಾರ್ಚ್‌ನಲ್ಲಿ, ಒಂದಿಷ್ಟು ಹೊಸ ಆರ್ಥಿಕ ವರ್ಷ ಶುರುವಾಗುವ ಏಪ್ರಿಲ್ ಒಂದರ ನಂತರ, ಉಳಿದದ್ದು ಮುಂದಿನ ವರ್ಷಗಳಲ್ಲಿ ಮಾರಿದ್ದರೆ ಪ್ರತಿ ವರ್ಷದ 1.25 ಲಕ್ಷದ ವಿನಾಯಿತಿ ಸಿಗುತ್ತಿತ್ತು. ಅವಸರ ನನಗೆ ಇರಲಿಲ್ಲ. ಅವಸರ ಇದ್ದದ್ದು ಎನ್‌ಎಫ್‌ಒ ಮುಚ್ಚುವ ತಾರೀಕಿಗೆ. ಮುಂದಿನ ಮಳೆಗಾಲಕ್ಕೆ ಮೊದಲು ಮನೆಯ ಮಾಡು ರಿಪೇರಿ ಮಾಡಿಸಲು ಇಟ್ಟುಕೊಂಡ ದುಡ್ಡು ತೆರಿಗೆಗೆ ಹೋಯಿತು.

ಅವನಿಗೆ ಫೋನ್ ಮಾಡಿದೆ. ‘ಟ್ಯಾಕ್ಸ್ ಬಂತು ಅಂದ್ರೆ ಲಾಭ ಬಂದಿದೆ ಅಕ್ಕೋರೇ, ಖುಷಿ ಪಡಿ’ ಅಂದ. ಖುಷಿ ಪಡಬೇಕಂತೆ.

ಅಕ್ಟೋಬರ್‌ನಲ್ಲಿ ಎಲ್ಲಾ ಫಂಡ್ ಸೇರಿದ ಸ್ಟೇಟ್‌ಮೆಂಟ್, ಸಿಎಎಸ್ ಅನ್ನುತ್ತಾರಲ್ಲ, ಅದು ಮೇಲ್‌ಗೆ ಬಂತು. ಆರು ತಿಂಗಳಿಗೊಮ್ಮೆ ಬರುವ ಸಿಎಎಸ್‌ನಲ್ಲಿ ಏಜೆಂಟರಿಗೆ ಹೋದ ಕಮಿಷನ್ ಕೂಡ ಬರೆದಿರುತ್ತದೆ. ಇಷ್ಟು ವರ್ಷ ನಾನು ಆ ಕಾಲಂ ನೋಡಿರಲೇ ಇಲ್ಲ. ಅವನ ಪಾಲು 9,640 ರೂಪಾಯಿ. ಆರು ತಿಂಗಳಿಗೆ. ನನ್ನ ಡೈರೆಕ್ಟ್ ಫಂಡ್‌ಗಳೂ ಈಗ ರೆಗ್ಯುಲರ್, ಅಂದರೆ ಏಜೆಂಟರ ಕಮಿಷನ್ ಸೇರಿದ್ದು. ಅವನ ಪಾಲು ನನ್ನ ದುಡ್ಡಿನಿಂದಲೇ ಹೋಗುತ್ತಿರುತ್ತದೆ, ನಾನು ಆ ಫಂಡ್‌ನಲ್ಲಿ ಇರುವಷ್ಟು ಕಾಲವೂ. ಎರಡೂ ಫಂಡ್ ಒಂದೇ ಕಂಪನಿಯವು, ಎರಡೂ ಒಂದೊಂದೇ ಉದ್ಯಮಕ್ಕೆ ಜೋತುಬಿದ್ದವು. ಅರವತ್ತಕ್ಕೆ ಕಾಲಿಡುವವಳ ಇಡೀ ಉಳಿತಾಯ ಅದರಲ್ಲಿ! 10 ರೂಪಾಯಿಯ ಯೂನಿಟ್ ಈಗ 9 ರೂಪಾಯಿ 40 ಪೈಸೆ. ತೆಗೆಯೋಣ ಅಂದರೆ ವರ್ಷ ತುಂಬುವವರೆಗೆ ಶೇ. 1 ಎಕ್ಸಿಟ್ ಲೋಡ್. ಇಲ್ಲದೇ ಇದ್ದದ್ದನ್ನು ಹೊಸದಾಗಿ ಹೇರಿಸಿಕೊಂಡೆ.

ಕಮಿಷನ್ ವಿಷಯ ಎತ್ತಿದಾಗ ಅವನ ದನಿಯೇ ಬದಲಾಯಿತು. ‘ಒಟಿಪಿ ಕೊಟ್ಟದ್ದು ನೀವೇ ಅಲ್ವಾ?’ ಅಂದ. ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಸಾಲು: ‘ನಾನು ಸಲಹೆಗಾರ ಅಲ್ಲ, ಡಿಸ್ಟ್ರಿಬ್ಯೂಟರ್.’ ನನ್ನ ಮನೆಯ ಕುರ್ಚಿಯಲ್ಲಿ ಕುಳಿತು ಎರಡು ಗಂಟೆ ಸಲಹೆ ಕೊಟ್ಟವನು. ಆ ಸಾಲಿನಲ್ಲಿ ‘ಅಕ್ಕೋರೇ’ ಇರಲಿಲ್ಲ.

ಆದರೆ ಅವನು ಹೇಳಿದ್ದು ಕಾನೂನಿನಲ್ಲಿ ಸರಿ. ಎಆರ್‌ಎನ್ ನಂಬರ್ ಇರುವವರು ಫಂಡ್ ಮಾರಿ ಕಮಿಷನ್ ಪಡೆಯುವವರು. ಸಲಹೆಗಾರರು ಬೇರೆ. ಅವರು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಣಿ ಮಾಡಿಸಿ ನಿಮ್ಮಿಂದ ಫೀ ತೆಗೆದುಕೊಳ್ಳುತ್ತಾರೆ. ನೀವು ಯಾರ ಎದುರು ಕುಳಿತಿದ್ದೀರಿ ಎಂದು ಮೊದಲು ಕೇಳಿ. ಮೊದಲೇ ಕೇಳಿ. ಮಾರುವ ಮುಂಚೆ ಒಂದೊಂದು ಫಂಡಿನ ಲಾಭ ಎಷ್ಟು, ತೆರಿಗೆ ಎಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದು ಕೊಡದಿದ್ದರೆ ಪಾನಕ ಕೊಟ್ಟು ಕಳಿಸಿ. ಎರಡು ಮೂರು ವರ್ಷದೊಳಗೆ ಬೇಕಾಗುವ ದುಡ್ಡನ್ನು ಇಂಥ ಫಂಡಿಗೆ ಹಾಕಲೇಬೇಡಿ. 60 ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆ ಇದೆ, 30 ಲಕ್ಷದವರೆಗೆ ಇಡಬಹುದು. ಅದರ ಹೆಸರೂ ಅವನು ಎತ್ತಲಿಲ್ಲ. ಅದರಲ್ಲಿ ಅವನಿಗೆ ಏನು ಸಿಗುತ್ತದೆ?

ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ದೂರು ಹಾಕಿದೆ. ‘ಹೂಡಿಕೆದಾರರೇ ಒಟಿಪಿ ಮೂಲಕ ಒಪ್ಪಿದ್ದಾರೆ’ ಎಂದು ಕಂಪನಿಯಿಂದ ಉತ್ತರ ಬಂದಿದೆ. ಮತ್ತೆ ಬರೆಯುತ್ತೇನೆ, ಬಿಡುವುದಿಲ್ಲ.

ನಿನ್ನೆಯ ಸುದ್ದಿ ಇದು. ಹೊನ್ನಾವರದ ಕಡೆ ಇನ್ನೊಬ್ಬ ಅಕ್ಕೋರು ಬರುವ ವರ್ಷ ನಿವೃತ್ತಿ ಆಗುತ್ತಾರೆ. ಈ ಭಾನುವಾರ ಅವನು ಅವರ ಮನೆಗೆ ಹೋಗುತ್ತಾನಂತೆ. ಅವರ ನಂಬರ್ ನನ್ನ ಹತ್ತಿರ ಇಲ್ಲ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಶನಿವಾರದೊಳಗೆ ಅವರಿಗೆ ಮುಟ್ಟಿಸಿ.